ಹೆಸರಿಲ್ಲದ ಚೀಟಿ

ಡಾಕ್ಟರ್ ಅದೆರೀತು ಮೊರಾಯ್ಸ್ ಅವರ ಅಕ್ಷರ
ಕಾಗೆ ಕಾಲು, ಗುಬ್ಬಿ ಕಾಲು; ಊರಿಗೆಲ್ಲ ಗೊತ್ತು.
ಓದಬಲ್ಲವಳು ನಾನೊಬ್ಬಳೇ,
ಚರ್ಚಿನೆದುರಿನ ಔಷಧಿ ಅಂಗಡಿಯ ಜುಲ್ಮೀರಾ.
ಹಣೆಬರಹ ಪಾದ್ರಿಗೆ ಬಿಟ್ಟದ್ದು, ಕೈಬರಹ ನನಗೆ.
ಮೂವತ್ತೊಂದು ವರ್ಷ
ಕೆಮ್ಮು ಓದಿದ್ದೇನೆ, ಸಕ್ಕರೆ ಓದಿದ್ದೇನೆ,
ಗಂಡ ಫ್ರಾನ್ಸಿನಲ್ಲಿ ಇಟ್ಟಿಗೆ ಹೊರುವಾಗ ಇಲ್ಲಿ
ತಡವಾದ ಮುಟ್ಟನ್ನು ಓದಿ
ಬಾಯಿ ಹೊಲಿದುಕೊಂಡಿದ್ದೇನೆ.

ಒಮ್ಮೆ ಕಜಿಮೀರಾ ಒಂದು ಕಾಗದ ತಂದಳು,
ಅವಳ ಗಂಡ ಸತ್ತ ವಾರ ಡಾಕ್ಟರು ಬರೆದದ್ದು.
"ಯಾವ ಮಾತ್ರೆ ಇದು, ಊಟಕ್ಕೆ ಮೊದಲೋ ಆಮೇಲೋ?"
ಮಾತ್ರೆಯಲ್ಲ, ಕಜಿಮೀರಾ. ಸಂತಾಪ.
ಕೌಂಟರಿಗೆ ಮೊಣಕೈಯೂರಿ ಕೇಳಿಸಿಕೊಂಡಳು,
ಎರಡು ಸಲ ಓದಿಸಿದಳು,
ಹೋಗುವಾಗ ರೂಢಿಯಂತೆ "ಎಷ್ಟಾಯಿತು?" ಎಂದಳು.

ಇಲ್ಲಿಂದ ಸ್ಪೇನಿನ ಗಡಿಗೆ ಆರು ಮೈಲಿ,
ದೊಡ್ಡಾಸ್ಪತ್ರೆಗೆ ಅರ್ಧ ದಿನ.
ನಡುವೆ ಚೆಸ್ಟ್‌ನಟ್ ಮರ, ಮಂಜು, ಅವರ ಬಿಳಿ ರೆನೋ ಕಾರು.
ಕೈಗುಣ ಅಂದರೆ ಅವರದು, ಅನ್ನುತ್ತಾರೆ ಜನ.

ಆ ವರ್ಷ ಚೆಸ್ಟ್‌ನಟ್ ಸಿಪ್ಪೆ ಬಿರಿಯುವ ಹೊತ್ತಿಗೆ
ಅಕ್ಷರ ಸಣ್ಣಗಾಗತೊಡಗಿತು.
ಸಾಲಿನ ಮೊದಲಿಗೆ ಕಡಲೆ,
ನಡುವೆ ಸಾಸಿವೆ,
ಕೊನೆಗೆ ಗೋಡೆಯ ಬಿರುಕಿಗೆ ಇಳಿವ ಇರುವೆಗಳಂತೆ
ಕಾಗದದಂಚಿನಲ್ಲಿ ಮಾಯ.
ನನ್ನ ಕಣ್ಣೇ ಕೆಟ್ಟಿತು ಅಂದುಕೊಂಡೆ,
ಬ್ರಗಾನ್ಸಾಕ್ಕೆ ಹೋಗಿ ಹೊಸ ಕನ್ನಡಕ ತಂದೆ.
ಇರುವೆಗಳ ಕಾಲೂ ಕಂಡವು,
ಆದರೂ ಅವು ಇರುವೆಗಳೇ.

ಸಂತ ಮಾರ್ಟಿನನ ಹಬ್ಬದ ರಾತ್ರಿ
ಊರೆಲ್ಲ ಬೆಂಕಿ ಸುತ್ತ ಹೊಸ ವೈನು ಕುಡಿಯುವಾಗ
ಶಟರ್ ಎಳೆದು ಹಳೆಯ ಚೀಟಿಗಳ ಪೆಟ್ಟಿಗೆ ತೆಗೆದೆ.
ಐವತ್ತೆಂಟರದೊಂದು, ಎಪ್ಪತ್ತೊಂದರದೊಂದು,
ಹೋದ ಮಂಗಳವಾರದ್ದು.
ಪಕ್ಕಪಕ್ಕ ಇಟ್ಟೆ,
ಮಗು ಬೆಳೆದ ಫೋಟೋಗಳನ್ನು
ಹಿಂದುಮುಂದಾಗಿ ಜೋಡಿಸಿದ ಹಾಗೆ.
ನಾನು ಡಾಕ್ಟರಲ್ಲ.
ಆದರೂ ರೋಗದ ಹೆಸರು ನಾಲಿಗೆಗೆ ಬಂತು,
ನುಂಗಿದೆ.

ಆಮೇಲೆ ನೋಡತೊಡಗಿದೆ.
ಬೆಲರ್ಮೀನೋನ ಮಗನ ಹಣೆಗೆ ಹೊಲಿಗೆ ಹಾಕುವಾಗ
ಕೈ ಕಲ್ಲುಕಂಬ.
ಮುಗಿಸಿ ಕಾಫಿಗೆ ಕಾಯುತ್ತ ಕೂತಾಗ, ಮೊಣಕಾಲ ಮೇಲೆ
ಬಲ ಹೆಬ್ಬೆರಳು ತೋರುಬೆರಳನ್ನು ಉಜ್ಜಿ ಉಜ್ಜಿ
ಇಲ್ಲದ ಗುಳಿಗೆಯೊಂದನ್ನು ಕಟ್ಟುತ್ತಿತ್ತು.
ನನ್ನಪ್ಪ ಹೀಗೇ ಕಟ್ಟುತ್ತಿದ್ದ, ಇದೇ ಅಂಗಡಿಯಲ್ಲಿ,
ಜೇನು, ಹಿಟ್ಟು, ಚಿಟಿಕೆ ಕಹಿ.
ಕೆಲಸ ಹಿಡಿದರೆ ನಡುಗದು,
ಸುಮ್ಮನಿದ್ದರೆ ನಡುಗುವುದು.
ಅದಕ್ಕೇ ಇರಬೇಕು, ಡಾಕ್ಟರು ಈಚೆಗೆ
ಕರೆಯದ ಮನೆಗೂ ಹೋಗುತ್ತಾರೆ.
ಎವ್‌ಫ್ರಾಸಿಯಾಳ ಹೇಸರಗತ್ತೆಯ ಗೊರಸನ್ನೂ
ನೋಡಿ ಬಂದರಂತೆ.

ಜನವರಿಯಲ್ಲಿ, ಅಂಗಡಿ ಮುಚ್ಚುವ ಹೊತ್ತು,
ತಾವೇ ಒಂದು ಚೀಟಿ ತಂದರು.
ಹೆಸರಿನ ಜಾಗ ಖಾಲಿ.
"ಯಾರಿಗೆ, ಡಾಕ್ಟರೇ?"
"ಗಡಿಯಾಚೆಯ ಒಬ್ಬ ಮುದುಕ. ನಿನಗೆ ಗೊತ್ತಿಲ್ಲ."
ಹೊರಗೆ ರೆನೋದ ಎಂಜಿನ್ ಇನ್ನೂ ಆರಿಸಿರಲಿಲ್ಲ.
ಡಬ್ಬಿ ಇಳಿಸಿದೆ. ಎಲ್ಲರಿಗೂ ಹೇಳುವಂತೆ ಹೇಳಿದೆ:
"ಮೊದಲು ನುಂಗಲಿ, ಅರ್ಧ ಗಂಟೆ ಬಿಟ್ಟು ಮಾಂಸದೂಟ.
ಹಾಸಿಗೆಯಿಂದ ದಡಬಡ ಏಳದಿರಲಿ.
ಮೊದಮೊದಲು ವಾಕರಿಕೆ; ಹೆದರಬೇಡ ಅನ್ನಿ.
ಮತ್ತೆ, ಮಂಜು ಬಿದ್ದ ರಾತ್ರಿ
ಒಬ್ಬನೇ ಕಾರು ಓಡಿಸದಿರಲಿ ಆ ಮುದುಕ."
"ಅವನಿಗೆ ಕಾರಿಲ್ಲ."
"ಇದ್ದರೆ."
ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.
"ಹೇಳುತ್ತೇನೆ" ಅಂದರು.

ಡಬ್ಬಿಯ ಮೇಲೆ ಹೊತ್ತಿನ ಗುರುತು ಬರೆದುಕೊಟ್ಟೆ,
ಓದು ಬಾರದ ಅಜ್ಜಿಯರಿಗೆ ಬಿಡಿಸುವ ಹಾಗೆ:
ಬೆಟ್ಟದ ಮೇಲೆ ಸೂರ್ಯ, ನೆತ್ತಿಯಲ್ಲಿ ಸೂರ್ಯ, ಒಂದು ಚಂದ್ರ,
ಎಲ್ಲ ದೊಡ್ಡದಾಗಿ.
ದುಡ್ಡು ಎಣಿಸುವಾಗ ಒಂದು ನಾಣ್ಯ
ಅವರ ಕೈಯಿಂದ ಜಾರಿ ಕಪಾಟಿನಡಿ ಉರುಳಿತು.
ಇಬ್ಬರೂ ಬಗ್ಗಲಿಲ್ಲ.